ಇನ್ನೊಂದ್ ಸಲ ಒತ್ತವ್ವ

ಸೂಪರ್ ಮಾರ್ಕೆಟ್ಟಿನ ಫುಟ್‌ಪಾತಿನ್ಯಾಗ
ನೂರಾ ಇಪ್ಪತ್ತಕ್ಕ ತಂದ ಗೈಡು.
ಮೊದಲ ಹಾಳಿ ಮ್ಯಾಲ ಹಸಿರು ಶಾಯಿ:
ನುಜಹತ್ ಫಾತಿಮಾ, ರೋಜಾ, ಕಲಬುರಗಿ.
ಆಕಿ ಪಾಸಾಗಿ ಮಾರಿದಳೋ
ಬ್ಯಾಸತ್ತು ಮಾರಿದಳೋ ಗೊತ್ತಿಲ್ಲ.
ಅರವತ್ತಾರು ಎ ಕಲಮಿಗೆ
ಪೆನ್ಸಿಲಿನ ಅಡ್ಡಗೆರಿ ಎಳದು ಬರದಾಳ: ಖತಂ.
ಕೋರ್ಟು ಹೊಡದು ಹಾಕಿದ್ದನ್ನ
ಛಾಪಖಾನಿಯವರು ಇನ್ನೂ ಜೀವಂತ ಇಟ್ಟಿದ್ದರು,
ಆಕಿ ಮಣ್ಣು ಮಾಡ್ಯಾಳ.

ಮೇ ತಿಂಗಳು.
ನೀರು ಚೆಲ್ಲಿದ ಶಹಾಬಾದ ಪರಸಿ ಮ್ಯಾಲ
ಬೋರಲ ಬಿದ್ದು ಓದ್ತೀನಿ:
"ಎ ಎಂಬಾತನು ಬಿ ಎಂಬಾಕೆಯ
ವಿಶಿಷ್ಟ ಗುರುತನ್ನು ವಂಚನೆಯಿಂದ ಬಳಸಿದಲ್ಲಿ..."
ಪುಸ್ತಕದಾಗ ಎ ಗೂ ಬಿ ಗೂ
ಊರಿಲ್ಲ, ಉದ್ಯೋಗಿಲ್ಲ, ಬೆವರಿಲ್ಲ.
ಎ ಮೋಸ ಮಾಡ್ತಾನ, ಬಿ ಮೋಸ ಹೋಗ್ತಾಳ,
ಕೆಳಗ ನಾಕು ಉತ್ತರ ನಿಂತಿರ್ತಾವ
ಬಸ್‌ಸ್ಟ್ಯಾಂಡಿನ ಆಟೋದವರು ನಿಂತಂಗ,
ಬರ್ರಿ ಬರ್ರಿ ಅಂತ ಎಲ್ಲಾವೂ ಕರೀತಾವ.
ತಪ್ಪಿದ್ದು ಹತ್ತಿದ್ರ ಕಾಲು ಅಂಕ ಕಡಿತ.

ನಮ್ಮವ್ವ ಜಗದೇವಿ
ಕಪನೂರಿನ ದಾಲ್ ಮಿಲ್ಲಿನ್ಯಾಗ
ಹದಿನೇಳು ವರ್ಷಾತು, ಬ್ಯಾಳಿ ಹಸನ ಮಾಡ್ತಾಳ.
ಹಳ್ಳು ಆರಿಸಿ ಆರಿಸಿ
ಹೆಬ್ಬಟ್ಟಿನ ಗೆರಿ ಸವದು
ಸಿಪ್ಪಿ ಸುಲದ ತೊಗರಿಯಂಗ ನುಣ್ಣಗ ಆಗ್ಯಾವ.
ರೇಷನ್ ಅಂಗಡಿ ಮಷೀನು
ಆಕಿನ್ನ ಗುರುತಾ ಹಿಡಿಯಂಗಿಲ್ಲ.
"ನಾ ನಾನ ಅದೀನಿ, ಇದಕ್ಕ ಯಾರರ ಹೇಳ್ರಿ"
ಅಂತ ಒಮ್ಮೆ ಸಾಲೆಲ್ಲಾ ನಗಿಸಿದ್ದಳು.

ತಿಂಗಳಿಗೊಮ್ಮೆ ಅಂಬರಾಯನ ಡಬ್ಬಿ ಅಂಗಡಿ.
ಬ್ಯಾಂಕಿಗೆ ಹೋಗೋದು ಬ್ಯಾಡ,
ಬೆರಳ ಒತ್ತಿದ್ರ ಅಲ್ಲೇ ರೊಕ್ಕ.
"ಸರ್ವರ್ ಬಿಜಿ ಅದ. ಇನ್ನೊಂದ್ ಸಲ ಒತ್ತವ್ವ."
ಒತ್ತತಾಳ.
"ತಲಿಗೆ ಒರಸಿ ಒತ್ತು, ಎಣ್ಣಿ ಹತ್ತಲಿ."
ಒತ್ತತಾಳ.
ಮೂರನೇದಕ್ಕ ಸಾವಿರ ರೂಪಾಯಿ ಕೈಗೆ ಬರ್ತದ,
ಬಿಸಲಾಗ ಬಂದೀ ಅಂತ
ಒಂದು ಗ್ಲಾಸು ತಣ್ಣನ್ನ ನೀರೂ.

ಅರವತ್ತಾರು ಸಿ ಕಲಮಿನ ಮ್ಯಾಲ
ನನ್ನ ಬೆರಳು ನಿಂತುಬಿಡ್ತು.
ಮೂರು ಸಲ ಒತ್ತಿದ ಹೆಬ್ಬಟ್ಟು,
ಒಂದು ಸಲದ ರೊಕ್ಕ.
ಉಳದ ಎರಡು ಒತ್ತು ಎಲ್ಲಿ ಹೋದವು?

ಮರುದಿನ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬಂದೆ.
ಒಂದೇ ತಾರೀಖು: ಸಾವಿರ, ಸಾವಿರ, ಸಾವಿರ.
ನಾಕು ತಿಂಗಳಿಂದ ಹಂಗೇ,
ಮೂರು ಮೂರು ಕಲ್ಲಿನ ಒಲಿಯಂಗ.

ಸೆರಗಿನ ಹೊಟ್ಟು ಝಾಡಸ್ಕೋತ ಅವ್ವ ಕೇಳಿದಳು,
"ಏನದು, ನಿನ್ನ ಪರೀಕ್ಷೆದೇನು?"
"ಹೌದವ್ವ. ಮೂರು ವರ್ಷದ ತನಕ ಸಜಾ,
ಲಕ್ಷದ ತನಕ ದಂಡ."
"ಯಾರಿಗೆ?"
"ಎ ಗೆ."
"ಎ ಅಂದ್ರ ಯಾರ ಪೈಕಿ?"

ಹೇಳಿದೆ.
ಆಕಿ ಪಾಸ್‌ಬುಕ್ಕು ಇಸಕೊಂಡು
ಲೆಕ್ಕ ನೋಡಲಿಲ್ಲ,
ಮೊದಲ ಪುಟದ ತನ್ನ ಫೋಟೋ ಸೆರಗಿಲೆ ಒರಸಿದಳು.
"ಛಲೋ ಹುಡುಗ ಅದಾನ. ನೀರು ಕೊಡ್ತಾನ" ಅಂದಳು.

ಕರೆಂಟ್ ಹೋದ ಮ್ಯಾಲ, ಬಾಳ ಹೊತ್ತಿಗೆ,
ಕತ್ತಲಾಗಿಂದ ಒಂದು ಮಾತು ಬಂತು:
"ಆ ನೀರು... ಗ್ಲಾಸಿಗೆ ಎಷ್ಟು ಬಿತ್ತು?"
"ಎರಡು ಸಾವಿರ."
ಆಕಿ ಹೊಳ್ಳಿ ಮಲಗಿದಳು. ನಾನೂ ಮಲಗಿದಂಗ ಮಾಡಿದೆ.

ಮುಂಜಾನೆ ಗೈಡು ತಗದು
ನುಜಹತಳ ಪೆನ್ಸಿಲಿನ ಬಾಜೂಕ ನನ್ನ ಪೆನ್ಸಿಲು:
ಬಿ ಅಂದ್ರ ಜಗದೇವಿ.
ಮುಂದ ಯಾರು ಕೊಳ್ತಾರೋ, ಅವರಿಗೆ.

ಸೈಬರ್ ಠಾಣೆದಾಗ
ಅರ್ಜಿ ನಾನೇ ಹೇಳಿದೆ, ಪೊಲೀಸಪ್ಪ ಬರಕೊಂಡ.
ಶಾಯಿ ಪ್ಯಾಡು ಮುಂದ ಸರಸಿದ.
ಅವ್ವ ಒತ್ತಿದಳು. ಹಾಳಿ ಮ್ಯಾಲ
ಒಂದೂ ಗೆರಿಯಿಲ್ಲದ ನೀಲಿ ಬ್ಯಾಳಿ.
"ಮೂಡಿಲ್ಲ. ಇನ್ನೊಂದ್ ಸಲ ಒತ್ತವ್ವ."

ಅವ್ವ ಕೈ ಹಿಂದಕ ತಗೊಂಡಳು.
"ಮೊದಲ ಅದರಾಗ ಏನ ಬರದೀರಿ
ಓದಿ ಹೇಳ್ರಿ."

ಅಂವ ತನ್ನ ಚಷ್ಮಾ ಹುಡುಕಿದ.